ನಾ ಆ ಚಾಕು ಒಗಿಯಂಗಿಲ್ಲ

ಮೊನ್ನೆ ಸಂಕ್ರಾಂತಿ ಅರಿಶಿಣ-ಕುಂಕುಮಕ್ಕ ತವರುಮನಿಗೆ ಹೋಗಿದ್ದೆ. ಕುಸುರೆಳ್ಳು ಕೊಟ್ಟು-ತೊಗೊಂಡು, ಇನ್ನ ಎರಡ ಮಾತ ಆಡಬೇಕು ಅನ್ನೋದ್ರಾಗ ನಮ್ಮ ವೈನಿಯ ತಂಗಿ ನಾಕ ಮಂದಿ ಮುಂದ ಕೇಳಿಬಿಟ್ಲು, "ಅಲ್ರೀ, ಆ ಚಾಕು ಇನ್ನೂ ನಿಮ್ಮ ಮನ್ಯಾಗ ಅದ ಏನ್ರಿ?"

"ಅದ" ಅಂದೆ.

ಕುಸುರೆಳ್ಳಿನ ಬಟ್ಟಲಾ ಹಿಡಕೊಂಡು ನಿಂತಿದ್ದ ವೈನಿ ಮಾರಿ ಆ ಕಡೆ ತಿರುವಿದ್ರು. ಶ್ರಾವಣದಿಂದ ವೈನಿ ನನ್ನ ಜೋಡಿ ನೆಟ್ಟಗ ಮಾತಾಡಿಲ್ಲ. ಫೋನ್ ಮಾಡಿದ್ರ "ಹೂಂ, ಕೊಡತೀನಿ" ಅಂತ ಅಣ್ಣನ ಕೈಯಾಗ ಕೊಟ್ಟುಬಿಡ್ತಾರ. ಯಾಕಂದ್ರ ಅವರ ಮಗನ ಬೆರಳು ಕೊಯ್ದದ್ದು ನನ್ನ ಚಾಕುವಿನಿಂದ. ಅವತ್ತಿನಿಂದ ಬೀಗರು ಬಿಜ್ಜರು, ಓಣಿಯವರು, ಹಾಲು ಹಾಕಲಿಕ್ಕೆ ಬರೋ ಅಕ್ಕ ಸುದ್ದಾ, ಎಲ್ಲಾರದೂ ಒಂದ ತೀರ್ಪು: ಆ ದರಿದ್ರ ಚಾಕು ಮೊದಲ ಮನಿಯಿಂದ ಹೊರಗ ಹಾಕ್ರಿ. ಹಬ್ಬದ ದಿವಸ ಜಗಳ ಬ್ಯಾಡ ಅಂತ ಅವತ್ತ ಸುಮ್ಮನಿದ್ದೆ. ಇವತ್ತ ಹೇಳತೀನಿ. ನಾ ಅದನ್ನ ಒಗಿಯಂಗಿಲ್ಲ.

ಮೊದಲ ಅದು ಎಂಥಾ ಚಾಕು ಅನ್ನೋದು ಕೇಳ್ರಿ, ಮಂದಿ ಬಾಯಾಗ ಅದು ಈಗ ರಾಮಪುರಿ ಆಗೇದ. ನನ್ನ ಮೈದುನ ಫ್ರಾನ್ಸಿನ ಗ್ರೆನೋಬಲ್ ಊರಾಗ ಕೆಲಸಕ್ಕ ಇದ್ದಾನ. ಆಚಿ ವರ್ಷದ ದೀಪಾವಳಿಗೆ ಬಂದಾಗ ಎಲ್ಲಾರಿಗೂ ಚಾಕಲೇಟು, ಸೆಂಟು ತಂದಾಂವ ನನಗ ಇದನ್ನ ತಂದಿದ್ದ. ಒಪಿನೆಲ್ ಅಂತ ಹೆಸರು, ನಂಬರ್ 12. ಹಿಡಕಿ ಬೀಚ್ ಅನ್ನೋ ಕಟಗೀದು. ಅಲಗು 12 ಸೆಂಟಿಮೀಟರ್ ಉದ್ದ, ಕಾರ್ಬನ್ ಉಕ್ಕಿಂದು. ಮಡಚಿದ್ರ ಒಂದು ಉದ್ದನ್ನ ಬದನಿಕಾಯಿ ಹಂಗ ಕೈಯಾಗ ಕೂಡ್ತದ. ಬಿಚ್ಚಿದ್ರ ಒಂದ ಗೇಣಿಗಿಂತ ಸ್ವಲ್ಪ ಹೆಚ್ಚ. ಗ್ರೆನೋಬಲ್‌ಗೆ ಹತ್ರದ ಸವೋಯಿ ಅನ್ನೋ ಗುಡ್ಡದ ಸೀಮ್ಯಾಗ ಜೋಸೆಫ್ ಒಪಿನೆಲ್ ಅನ್ನಾಂವ 1890ರಾಗ ಇಂಥಾದ್ದನ್ನ ಮೊದಲ ಮಾಡಿದ. ಅವರ ಮನಿತನದ ಕಸಬು ಕೊಡ್ಲಿ-ಕುಡಗೋಲು ಬಡಿಯೋದು. 1897ರ ಹೊತ್ತಿಗೆ ಒಂದರಿಂದ ಹನ್ನೆರಡರ ತನಕ ಹನ್ನೆರಡು ಅಳತಿ ಮಾಡಿದ್ರು, ಆಮ್ಯಾಲೆ ಒಂದು ಮತ್ತ ಹನ್ನೊಂದು ನಿಲ್ಲಿಸಿದ್ರು. ಅಲ್ಲಿನ ಒಕ್ಕಲಿಗರು ಕಿಸೆಯೊಳಗ ಇಟಗೊಂಡು ರೊಟ್ಟಿ, ಚೀಸು ಕೊಯ್ಯೋದು, ಗಿಡದ ಟೊಂಗಿ ಸವರೋದು ಮಾಡ್ತಿದ್ರು. ಹುಟ್ಟಿದಾಗಿಂದ ಅದರ ಕೆಲಸ ಹೊಲದ್ದು, ಊಟದ್ದು.

ಕಾಯ್ದೆ ಮಾತ ತಗದವರಿಗೆ ಒಂದ ಉತ್ತರ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮದೊಳಗ ಅಲಗು 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಇದ್ದದ್ದು ಹತಾರ ಅಂತ ಅನಿಸ್ಕೋತದ, ಅದರಾಗೂ ಮನಿಗೆಲಸಕ್ಕ, ಒಕ್ಕಲತನಕ್ಕ ಅಂತ ಮಾಡಿದ್ದನ್ನ ಬಿಟ್ಟಾರ. ನನ್ನ ಚಾಕು 5 ಇಂಚೂ ಇಲ್ಲ. ನಿಮ್ಮ ಮನಿ ಕಲ್ಲಂಗಡಿ ಹಣ್ಣಿನ ಚಾಕು ಇದಕ್ಕಿಂತ ದೊಡ್ಡದದ, ಹೋಗಿ ಅಳದ ನೋಡ್ರಿ. ಆದ್ರ ಅದನ್ನ ಕಿಸೆಯೊಳಗ ಹಾಕ್ಕೊಂಡು ಜಾತ್ರಿಗೆ, ಮೆರವಣಿಗಿಗೆ, ವಿಮಾನಕ್ಕ ಹೋಗಬೇಕು ಅಂತ ನಾ ಎಂದೂ ಹೇಳಿಲ್ಲ, ಹೋಗೂದೂ ಇಲ್ಲ.

ನಮ್ಮ ಅತ್ತಿಯವರಿಗೆ ಮೊದಲ ದಿವಸ ಇದು ಸೇರಲಿಲ್ಲ. "ಈಳಿಗಿ ಇದ್ದ ಮನಿಗೆ ಚಾಕು ಯಾಕವಾ?" ಅಂದ್ರು. ಹರಿತ ಸಾಮಾನು ಪುಕ್ಕಟೆ ತೊಗೊಂಡ್ರ ನೆಂಟಸ್ತನ ಹರೀತದ ಅಂತ ನನ್ನ ಕೈಯಿಂದ ಮೈದುನಗ ಒಂದ ರೂಪಾಯಿ ಕೊಡಿಸಿದ್ರು. ಅಂವಾ ನಕ್ಕ. ಅಲ್ಲೆ ಫ್ರಾನ್ಸಿನಾಗೂ ಚಾಕು ಕೊಟ್ಟವರಿಗೆ ಒಂದ ನಾಣ್ಯ ಕೊಡೋ ಪದ್ಧತಿ ಅದನಂತ. (ರೂಪಾಯಿ ಕೊಟ್ಟರೂ ವೈನಿ ಜೋಡಿ ನೆಂಟಸ್ತನ ಹರಿಯೋ ಹಂಗ ಆತು ಅಂತ ಅತ್ತಿಯವರು ಈಗೂ ಅಂತಾರ. ಆ ರೂಪಾಯಿ ಮೈದುನಗ ಹೋತು, ವೈನಿಗೆ ಕೊಟ್ಟಿದ್ರ ನಡೀತಿತ್ತೇನೋ.)

ಈಗ ಮಂದಿ ತಿದ್ದುಪಾಟು ಅಂತಾರಲ್ಲ, ಅದನ್ನ ನಾನೂ ಮಾಡೀನಿ. ತಂದ ಸಾಮಾನು ತಂದಂಗ ಇಟ್ಟರ ಅದು ಅಂಗಡೀದಾಗೇ ಇರ್ತದ, ನಮ್ಮದಾಗಂಗಿಲ್ಲ. ಮುದುಕಿಯರ ಈಳಿಗಿ ಮಣಿ ನೋಡ್ರಿ, ಕಾಲು ಇಡೋ ಜಾಗದಾಗ ಸವದು ಅವರ ಕಾಲಿನ ಅಳತಿಗೇ ಬಂದಿರ್ತದ. ನನ್ನ ಚಾಕುವಿಗೆ ಮೊದಲ ತೊಂದ್ರಿ ಕೊಟ್ಟದ್ದು ನಮ್ಮ ಧಾರವಾಡದ ಮಳಿ. ಜೂನ್ ತಿಂಗಳದಾಗ ಜಿಟಿಜಿಟಿ ಸುರು ಆತಂದ್ರ ಬಾಗಲಾನ ಹಿಗ್ಗಿ ಚೌಕಟ್ಟಿಗೆ ಕೂಡಂಗಿಲ್ಲ, ಇನ್ನ ಚಾಕುವಿನ ಕಟಗಿ ಬಿಡ್ತದೇನು? ಹಿಡಕಿ ಉಬ್ಬಿ ಅಲಗನ್ನ ಗಟ್ಟಿ ಹಿಡೀತು. ಉಗುರು ಹೋತ ಹೊರತು ಅಲಗು ಹೊರಗ ಬರಲಿಲ್ಲ. ಮೈದುನಗ ಫೋನ್ ಮಾಡಿದ್ರ, ಹಿಡಕಿಯ ಹಿಂದಿನ ತುದಿ ಮೇಜಿಗೆ ಒಮ್ಮೆ ಕುಟ್ಟ್ರಿ ವೈನಿ ಅಂದ. ಕುಟ್ಟಿದೆ. ಟಕ್ ಅಂತ ಅಲಗಿನ ಬೆನ್ನು ಹೊರಗ ಇಣುಕಿತು. ಸವೋಯಿಯವರು ಹಳೇ ಕಾಲದಿಂದ ಹಿಂಗ ಮಾಡ್ತಾರಂತ, ಅದಕ್ಕ ಅವರ ಹೆಸರಿನ ಪೆಟ್ಟು ಅಂತನ ಅಂತಾರ.

ಮಳಿ ನಿಂತ ಮ್ಯಾಲೆ ನಾಕ ದಿವಸ ಬಿಸಿಲಿಗೆ ಇಟ್ಟೆ. ಪಾಲಿಶ್ ಪೇಪರ್ ತೊಗೊಂಡು ಹಿಡಕಿಯ ವಾರ್ನಿಶ್ ಪೂರ್ತಿ ತಗದೆ, ಯಾಕಂದ್ರ ವಾರ್ನಿಶ್ ಇದ್ರ ಎಣ್ಣಿ ಒಳಗ ಇಳಿಯಂಗಿಲ್ಲ. ಅದ ಪೇಪರ್ ಎರಡ ಪದರ ಮಡಚಿ ಅಲಗು ಕೂಡೋ ಸಂದಿಯೊಳಗ ನಾಕ ಸರ್ತಿ ಎಳದೆ, ಬರೇ ನಾಕ. ಒಂದ ಕಾಗದದಷ್ಟು ಸಡಿಲ ಆದ್ರ ಸಾಕು. ಆಮ್ಯಾಲೆ ಎಣ್ಣಿ. ಇಲ್ಲೆ ಭಾಳ ಮಂದಿ ತಪ್ಪತಾರ. ಕೊಬ್ಬರಿ ಎಣ್ಣಿ, ಶೇಂಗಾ ಎಣ್ಣಿ ಕಟಗಿ ಮ್ಯಾಲೆ ಒಣಗಂಗಿಲ್ಲ, ಜಿಡ್ಡಾಗಿ ಧೂಳ ಹಿಡೀತಾವ. ಅಗಸಿ ಎಣ್ಣಿ, ಕುಸುಬಿ ಎಣ್ಣಿ ಗಾಳಿಗೆ ಒಣಗಿ ಗಟ್ಟಿ ಪದರ ಆಗ್ತಾವ. ಪುಣ್ಯಾಕ್ಕ ಎರಡೂ ನಮ್ಮ ಎರಿಹೊಲದ ಬೆಳಿ. ಗಾಣದ ಅಗಸಿ ಎಣ್ಣಿ ತಂದು ಅರಿವಿಲೆ ತೆಳ್ಳಗ ತಿಕ್ಕಿ, ಎರಡ ದಿವಸ ಒಣಗಿಸಿ, ಮತ್ತ ತಿಕ್ಕಿ, ಹಿಂಗ ಆರ ಸರ್ತಿ ಮಾಡಿದೆ. ಒಂದ ಮಾತ ನೆನಪಿಡ್ರಿ, ಅಗಸಿ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ. ಒಣಗುವಾಗ ಅದು ಕಾಯ್ತದ, ಮುದ್ದಿಯೊಳಗ ಕಾವು ಕೂಡಿ ತನ್ನಷ್ಟಕ್ಕ ತಾನ ಬೆಂಕಿ ಹತ್ತಬಹುದು. ಹರವಿ ಒಣಗಿಸಿ ಆಮ್ಯಾಲೆ ಕಸಕ್ಕ ಹಾಕ್ರಿ. ಮುಂದಿನ ಮಳಿಗಾಲದಾಗ ಚಾಕು ಬಿಗಿ ಆತು ಖರೇ, ಆದ್ರ ಸಿಕ್ಕೊಳ್ಳಲಿಲ್ಲ.

ಅಲಗು ಕರ್ರಗ ಆದದ್ದಕ್ಕೂ ಮಂದಿ ನನ್ನ ಹೆಸರಿಡ್ತಾರ, ಜಂಗ ಹಿಡದದ, ತಿನ್ನೋ ಸಾಮಾನಿಗೆ ಹೆಂಗ ಹಚ್ಚತೀರಿ ಅಂತ. ಅದು ಜಂಗಲ್ಲ. ಈ ಉಕ್ಕು ಹುಣಸಿಹಣ್ಣು, ಉಳ್ಳಾಗಡ್ಡಿ, ಮಾವಿನಕಾಯಿ ಮುಟ್ಟಿದ್ರ ಬೂದಿ ಬಣ್ಣ ಆಗಿ, ಆಮ್ಯಾಲೆ ಕಪ್ಪಗ ಆಗ್ತದ. ಕೆಂಪಗ ಪುಡಿ ಉದರಿದ್ರ ಅದು ಜಂಗು, ಅದನ್ನ ತಿಕ್ಕಿ ತಗೀಬೇಕು. ಕಪ್ಪು ಪದರ ಇದ್ದರ ಜಂಗ ಹಿಡಿಯೋದು ಕಮ್ಮಿ ಆಗ್ತದ. ನಿಮ್ಮ ಅಜ್ಜಿ ಈಳಿಗಿ ಅಲಗು ಎಂದರ ಬೆಳ್ಳಗ ಹೊಳೀತಿತ್ತೇನು? ಅತ್ತಿಯವರು ಇದನ್ನ ನಾ ಹೇಳೋಕಿಂತ ಮೊದಲ ತಿಳಕೊಂಡ್ರು. ಒಂದ ದಿವಸ ಕಟ್ಟಿ ಮ್ಯಾಲೆ ಕೂತು ಅದರಲೇ ಕಬ್ಬು ಸುಲೀತಿದ್ರು. ನನ್ನ ನೋಡಿ "ಈಳಿಗಿ ಒಯ್ದು ಹೊರಗ ಕೂಡಲಿಕ್ಕೆ ಆಗಂಗಿಲ್ಲಲ್ಲವಾ" ಅಂದ್ರು. ಮುಗೀತು, ಅವತ್ತಿಂದ ಅವರೂ ಅದರ ಪಾಲುದಾರರು.

ಈಗ ಅಳಿಯನ ಸುದ್ದಿಗೆ ಬರತೀನಿ.

ಅಣ್ಣನ ಮಗ, ಪಿಯುಸಿ ಎರಡನೇ ವರ್ಷ. ಶ್ಯಾಣ್ಯಾ ಹುಡುಗ. ಚಾಕು ನೋಡಿದ ಕೂಡಲೇ "ಅತ್ಯಾ, ಒಂದ ತಿಂಗಳು ಕೊಡ" ಅಂದ. ಕೊಟ್ಟೆ. ಅಂವಾ ಅದನ್ನ ಒಯ್ದು ಮೊಬೈಲಿನಾಗ ನೋಡಿದ ಹಂಗ "ಸುಧಾರಣಾ" ಮಾಡಿದ. ಮೂರ ಕೆಲಸ. ಒಂದು, ಅಲಗಿನ ಸಂದಿ ತಿಕ್ಕಿ ತಿಕ್ಕಿ ಇಷ್ಟು ಸಡಿಲ ಮಾಡಿದ, ಕೈ ಝಾಡಿಸಿದ್ರ ಸಾಕು, ಅಲಗು ಚಟ್ ಅಂತ ತಾನ ಬಿಚ್ಚಿಕೋಬೇಕು. ಎರಡು, ಕುತಗಿಯೊಳಗ ಒಂದು ಉಕ್ಕಿನ ಉಂಗುರ ಇರ್ತದ. ಬಿಚ್ಚಿದ ಮ್ಯಾಲೆ ಅದನ್ನ ತಿರುವಿದ್ರ ಅಲಗು ಮಡಚಂಗಿಲ್ಲ. ತಿರುವಲಿಕ್ಕೆ ಇನ್ನೊಂದ ಕೈ ಬೇಕು, ವೇಳ್ಯಾ ಹೋಗ್ತದ ಅಂತ ಪಕ್ಕಡ ಹಾಕಿ ಆ ಉಂಗುರಾನ ಕಿತ್ತ. ಮೂರು, ದೋಸ್ತನ ವೆಲ್ಡಿಂಗ್ ಅಂಗಡ್ಯಾಗ ಗ್ರೈಂಡರಿಗೆ ಹಚ್ಚಿ ತುದಿ ಚೂಪು ಮಾಡಿದ. ಆಮ್ಯಾಲೆ ಪರೀಕ್ಷಾ. ಶ್ರಾವಣ ಸೋಮವಾರ, ಸೂಟಿ. ಹಿತ್ತಲದಾಗ ಮಾವಿನ ಹಲಗಿ ನಿಲ್ಲಿಸಿ ದೋಸ್ತ ವಿಡಿಯೋ ಹಿಡದಾನ, ಇಂವಾ ಚಟ್ ಅಂತ ಬಿಚ್ಚಿ ಹಲಗಿಗೆ ಚುಚ್ಚ್ಯಾನ. ಎರಡ ಸರ್ತಿ ನಟ್ಟಿತು. ಮೂರನೇ ಸರ್ತಿ ತುದಿ ಹಲಗ್ಯಾಗ ಸಿಕ್ಕೊಂಡು, ಕೈ ಮುಂದ ಹೋತು, ಅಲಗು ಮಡಚಿ ತನ್ನ ಹಿಡಕಿ ಹಿಡದಿದ್ದ ಬೆರಳ ಮ್ಯಾಲೇ ಬಂತು. ಬಲಗೈ. ತೋರಬೆರಳಿಗೆ ನಾಕ ಹೊಲಿಗಿ, ನಡುಬೆರಳಿಗೆ ಏಳ ಹೊಲಿಗಿ. ನಡುಬೆರಳು ಮಡಚೋ ನರಕ್ಕ ಪೆಟ್ಟಾಗಿ ಆಪರೇಶನ್ ಆತು. ಅರ್ಧವಾರ್ಷಿಕ ಪರೀಕ್ಷಾ ಬರೀಲಿಕ್ಕೆ ಆಗಲಿಲ್ಲ. ಇವತ್ತಿಗೂ ಆ ಬೆರಳು ಅಂಗೈ ಮುಟ್ಟಂಗಿಲ್ಲ, ಪೆನ್ನು ಬ್ಯಾರೆ ನಮೂನಿ ಹಿಡೀತಾನ.

ಇದರಾಗ ಚಾಕುವಿನ ತಪ್ಪೇನದ, ಹೇಳ್ರಿ ನೋಡೋಣ. ನಾ ಹಟಕ್ಕ ಕೇಳ್ತಿಲ್ಲ. ಆ ಉಂಗುರ ಬಂದದ್ದು 1955ರಾಗ. ಅಂದ್ರ 1890ರಿಂದ 65 ವರ್ಷ ಈ ಚಾಕುಗಳಿಗೆ ಉಂಗುರಾನ ಇರಲಿಲ್ಲ. ಇವತ್ತೂ ಸಣ್ಣ ನಂಬರಿನ ಚಾಕುಗಳಿಗೆ ಇಲ್ಲ. ಹಂಗಾರ ಅಷ್ಟು ವರ್ಷ ಒಕ್ಕಲಿಗರು ಬೆರಳು ಕಳಕೋತ ಇದ್ರೇನು? ಕೊಯ್ಯೋವಾಗ ಭಾರ ಬೀಳೋದು ಅಲಗಿನ ಬಾಯಿ ಮ್ಯಾಲೆ. ಆ ಭಾರ ಅಲಗನ್ನ ಇನ್ನಷ್ಟು ಬಿಚ್ಚತದ, ಮಡಚಂಗಿಲ್ಲ. ಬೆನ್ನ ಮ್ಯಾಲೆ ಭಾರ ಬಿದ್ರ, ಇಲ್ಲಾ ತುದಿಯಿಂದ ಚುಚ್ಚಿ ಸೊಟ್ಟ ಒತ್ತಿದ್ರ ಮಾತ್ರ ಅದು ನಿಮ್ಮ ಕಡೆ ತಿರಗತದ. ಹತ್ತಾರು ವರ್ಷ ಬದುಕಿದ ಸಾಮಾನಿಗೆ ಒಂದ ಸೋಮವಾರದಾಗ ಅದರದಲ್ಲದ ಕೆಲಸ ಹಚ್ಚಿ, ಕಾಯೋ ಉಂಗುರಾನೂ ಕಿತ್ತು, ಆಮ್ಯಾಲೆ ಅದಕ್ಕ ದರಿದ್ರ ಅಂದ್ರ ಹೆಂಗ?

ನನ್ನ ಸಿಟ್ಟು ಆ ವಿಡಿಯೋದವರ ಮ್ಯಾಲೆ. ಚಾಕು ತೊಗೊಂಡು ಕಾರಿನ ಬಾಗಲಕ್ಕ ಚುಚ್ಚೋದು, ಅಲಗಿನ ಬೆನ್ನನ್ನ ಮೇಜಿನ ಅಂಚಿಗೆ ಪಟಪಟ ಬಡಿಯೋದು, ಮ್ಯಾಲೆ ಬಡಗಿ ಹೊಡದು ಕಟಗಿ ಸೀಳೋದು. ಅದಕ್ಕ ಪರೀಕ್ಷಾ ಅಂತ ಹೆಸರು. ನಿಮ್ಮ ಮನ್ಯಾಗ ವಾರಕ್ಕ ಎಷ್ಟ ಕಾರಿನ ಬಾಗಲಾ ಹೆಚ್ಚತೀರಿ? ಆ ನಮೂನಿ ನೋಡಿದ ಹುಡುಗರಿಗೆ ಮನಸಿನಾಗ ಕೂಡೋದು ಒಂದ, ಚಾಕು ಅಂದ್ರ ಲಗೂ ಹೊರಗ ಬರಬೇಕು, ಜೋರಲೆ ನಡಬೇಕು. ನಾ ಒಂದ ಸರ್ತಿ ಕೇಳಿದೆ ಅಳಿಯನ್ನ, ಅಷ್ಟು ಅವಸರ ಯಾಕೋ ನಿನಗ ಅಂತ. "ಅತ್ಯಾ, ಎಮರ್ಜೆನ್ಸಿ ಬಂದ್ರ?" ಅಂದ.

ಎಮರ್ಜೆನ್ಸಿ ನಾ ಕಂಡೀನಿ. ನಾ ಆರನೇತ್ತ ಇದ್ದಾಗ ಒಂದ ರಾತ್ರಿ ನಮ್ಮ ಕೊಟ್ಟಿಗ್ಯಾಗ ಎತ್ತು ಒದ್ದಾಡೋ ಸಪ್ಪಳ ಆತು. ಹೋಗಿ ನೋಡಿದ್ರ ಕಣ್ಣಿ ಕಾಲಿಗೆ ಸುತ್ತಕೊಂಡು ಎತ್ತು ಬಿದ್ದದ, ಕುತಗಿಗೆ ಹಗ್ಗ ಬಿಗದು ನಾಲಗಿ ಹೊರಗ ಬಂದದ. ನಮ್ಮಪ್ಪನ ಅಂಗಿ ಕಿಸೆಯೊಳಗ ಅಡಕಿ ಒಡಿಯೋ ಮಡಚೋ ಚಾಕು ಯಾವಾಗಲೂ ಇರ್ತಿತ್ತು, ಸಂತ್ಯಾಗ ತಂದದ್ದು, ಹಿತ್ತಾಳಿ ಹಿಡಕೀದು. ಅಪ್ಪ ಕಂದೀಲು ನನ್ನ ಕೈಯಾಗ ಕೊಟ್ರು. ಮೊಣಕಾಲು ಊರಿ ಕೂತ್ರು. ಎರಡೂ ಕೈಲೆ ಹಗರಕ ಚಾಕು ಬಿಚ್ಚಿದ್ರು. ಬೆರಳು ಹಗ್ಗದ ಒಳಗ ಹಾಕಿ, ಬಾಯಿ ಹೊರಗ ಮಾಡಿ, ಒಂದ ಎಳತಕ್ಕ ಕೊಯ್ದ್ರು. ಎತ್ತು ಉಸಿರು ಎಳಕೊಂಡ ಸಪ್ಪಳ ನನಗ ಇನ್ನೂ ನೆನಪದ. ಚಾಕು ಬಿಚ್ಚಲಿಕ್ಕೆ ಅಪ್ಪ ಎರಡ ಸೆಕೆಂಡು ಹೆಚ್ಚ ತೊಗೊಂಡಿರಬೇಕು. ಬಾಯಿ ಮೊಂಡ ಇದ್ದಿದ್ರ ಆ ಹಗ್ಗಕ್ಕ ಎರಡ ನಿಮಿಷ ಬೇಕಾಗ್ತಿತ್ತು, ಎತ್ತು ಹೋಗ್ತಿತ್ತು. ಅಪ್ಪ ಪ್ರತಿ ಅಮಾಸಿಗೆ ಅದನ್ನ ಕಲ್ಲಿಗೆ ತಿಕ್ಕತಿದ್ದದ್ದು ಅದಕ್ಕ.

ಅಳಿಯನ ಗ್ರೈಂಡರು ಆ ಬಾಯೀನ ಹಾಳ ಮಾಡಿತ್ತು. ಹುಡುಗ ದವಾಖಾನ್ಯಾಗಿದ್ದಾಗ ಅಣ್ಣ ಚಾಕು ಪೇಪರಿನಾಗ ಸುತ್ತಿ ತಂದುಕೊಟ್ಟ. ಬಿಚ್ಚಿ ನೋಡಿದ್ರ ತುದಿಯಿಂದ ಎರಡ ಬೆರಳಷ್ಟು ನೀಲಿ ಬಣ್ಣ. ಉಕ್ಕು ಒಣ ಗಾಲಿಗೆ ಹಚ್ಚಿದಾಗ ಕಾದು ನೀಲಿ ಆತಂದ್ರ ಅದಕ್ಕ ಕೊಟ್ಟಿದ್ದ ಹದ ಹೋತು, ಮೆತ್ತಗ ಆತು ಅಂತ ಅರ್ಥ. ಆಮ್ಯಾಲೆ ಎಷ್ಟ ಚೂಪು ಮಾಡಿದ್ರೂ ಬಾಯಿ ಮಡಚತದ, ಟೊಮ್ಯಾಟೋ ಸಿಪ್ಪಿಗೇ ಸೋಲ್ತದ. ಚಾಕು ನೀರಾಗ ಅದ್ದಿ ಅದ್ದಿ ಕಲ್ಲಿನ ಮ್ಯಾಲೆ ಆ ಮೆತ್ತನ್ನ ಭಾಗ ಸವಸಲಿಕ್ಕೆ ನನಗ ಎರಡ ತಿಂಗಳ ರವಿವಾರ ಹೋದವು. ಅಲಗು ಈಗ 12 ಇಲ್ಲ, ಹನ್ನೊಂದಕ್ಕ ಬಂದು ನಿಂತದ. ಉಂಗುರ ಅಳಿಯನ ಪೆನ್ಸಿಲ್ ಡಬ್ಬ್ಯಾಗ ಸಿಕ್ತು, ಪಕ್ಕಡಲೇ ಸ್ವಲ್ಪ ಬಿಗಿ ಮಾಡಿ ಕೂಡಿಸೀನಿ. ಸಂದಿ ಸಡಿಲ ಆದದ್ದು ಮಾತ್ರ ಹಂಗ ಅದ, ತಿಕ್ಕಿದ ಕಟಗಿ ತಿರಗಿ ಬೆಳಿಯಂಗಿಲ್ಲ. ಮಳಿಗಾಲದಾಗ ಒಂದೀಟು ಬಿಗಿ ಆಗಬಹುದು.

ನನ್ನ ಪರೀಕ್ಷಾ ಕೇಳಿದ್ರ ನಿಮಗ ಬ್ಯಾಸರ ಬರಬಹುದು. ಕಲ್ಲಿಗೆ ಹಚ್ಚಿದ ಮ್ಯಾಲೆ ಸುದ್ದಿಪತ್ರಿಕಿ ಹಾಳಿ ಗಾಳ್ಯಾಗ ಹಿಡದು ಕೊಯ್ಯೋದು, ಹಣ್ಣಾದ ಟೊಮ್ಯಾಟೋ ಒತ್ತಲಾರದ ಕೊಯ್ಯೋದು. ಇಷ್ಟಾದ್ರ ಬಾಯಿ ಬಂದದ ಅಂತ. ಖರೇ ಪರೀಕ್ಷಾ ಆಮ್ಯಾಲೆ, ಕಲ್ಲು ಮುಟ್ಟಲಾರದ ಹದಿನೈದ ದಿವಸ ಬಳಸೋದು. ಎಲಿಕೋಸು, ಪಪ್ಪಾಯಿಗೆ ತೆಳ್ಳನ್ನ ಅಲಗು ಭಾಳ ಛೋಲೋ ಹೋಗ್ತದ. ಕುಂಬಳಕಾಯಿಗೆ ಬರಂಗಿಲ್ಲ, ನಡುವ ಸಿಕ್ಕೋತದ, ಅದಕ್ಕ ಈಳಿಗೀನ ಸೈ. ಉಪ್ಪಿನಕಾಯಿ ಮಾವಿನಕಾಯಿ ಗೊರಟಾ ಸಮೇತ ಹೋಳು ಮಾಡ್ತೀನಿ ಅಂದ್ರ ಬಾಯಿ ಹಲ್ಲು ಬೀಳ್ತದ. ಸುತಳಿ, ಬಾಳಿದಿಂಡು, ಜ್ವಾಳದ ದಂಟು ಎಲ್ಲಾ ಪಾಸು. ಚಾಕುವಿನ ಬಾಯಿ ಬ್ಯಾಗನ ಕೆಡಿಸಿದ್ದು ಯಾವದು ಗೊತ್ತೇನು? ಆಪೂಸ ಮಾವಿನಹಣ್ಣು ಬಂದಿದ್ದ ರಟ್ಟಿನ ಡಬ್ಬಿ. ನಾಕ ಡಬ್ಬಿ ಹರದು ಚಪ್ಪಟಿ ಮಾಡೋದ್ರಾಗ ಮೊಂಡ ಆತು. ಮಣ್ಣು ಹತ್ತಿದ ಗೋಣಿಚೀಲಾನೂ ಅಷ್ಟ. (ಹೊಲಿದ ಚೀಲದ ಬಾಯಿಗೆ ಚಾಕು ಯಾಕ ಹಚ್ಚತೀರಿ, ಸರಿಯಾದ ಕಡಿಂದ ದಾರ ಜಗ್ಗಿದ್ರ ಸರ್ರ ಅಂತ ಪೂರಾ ಬಿಚ್ಚತದ.) ದೊಡ್ಡ ಕಲ್ಲು ಇಲ್ಲದಾಗ ಪಿಂಗಾಣಿ ಕಪ್ಪು ಬೋರಲು ಹಾಕಿ, ತಳದಾಗ ಮೆರುಗು ಇಲ್ಲದ ಉಂಗುರ ಇರ್ತದಲ್ಲ, ಅದರ ಮ್ಯಾಲೆ ಆ ಕಡೆ ಹತ್ತು ಈ ಕಡೆ ಹತ್ತು ಎಳದ್ರ ಸಂಜಿ ಅಡಗಿಗೆ ಸಾಕು. ಇನ್ನ ದೋಷ ಹೇಳಬೇಕಂದ್ರ, ಸಂದಿಯೊಳಗ ಹಣ್ಣಿನ ರಸ ಹೋಗಿ ಹುಳಿ ವಾಸನಿ ಬರ್ತದ, ಬಳಸಿದ ಕೂಡಲೇ ಒರಸಿ ಬಿಚ್ಚಿಟ್ಟು ಒಣಗಸಬೇಕು. ಇಂಥಾವು ಯಾವ ವಿಡಿಯೋದಾಗೂ ನಾ ನೋಡಿಲ್ಲ.

ವೈನಿಗೆ ನಾ ಒಂದ ಮಾತ ಒಪ್ಪಿಕೋಬೇಕು, ಎದುರಿಗೆ ಒಪ್ಪಿಕೊಂಡಿಲ್ಲ. ತಪ್ಪು ನಂದೂ ಅದ. ಹುಡುಗ ಕೇಳಿದಾಗ ಹಗ್ಗದಂಗ ಹಿಡದು ಕೊಟ್ಟುಬಿಟ್ಟೆ. ಭಾರ ಯಾವ ಕಡೆ ಬಿದ್ರ ಅಲಗು ಮಡಚತದ, ಉಂಗುರ ಯಾಕದ, ಅದನ್ನ ಮೊದಲ ತೋರಿಸಲಿಲ್ಲ. ನಮ್ಮಪ್ಪ ನನಗ ಆ ಹಿತ್ತಾಳಿ ಚಾಕು ಕೊಡೋಕಿಂತ ಮೊದಲ ಒಂದ ವರ್ಷ ಬರೇ ಪೆನ್ಸಿಲ್ ಕೆತ್ತಲಿಕ್ಕೆ ಹಚ್ಚಿದ್ರು, ಅದೂ ಅವರ ಮುಂದ ಕೂತು. ಅಷ್ಟು ಗೊತ್ತಿದ್ದಾಕಿ ಅಳಿಯಗ ಕೊಡೋವಾಗ ಮರತೆ. ಅಡಗಿ ಅವಸರದಾಗಿದ್ದೆ. ವೈನಿ, ಅದಕ್ಕ ನೀವು ನನಗ ಬೈರಿ, ನಾ ಬೈಸ್ಕೋತೀನಿ. ಆದ್ರ ಚಾಕು ಒಗದ್ರ ಹುಡುಗಗ ಏನ ತಿಳಿತು? ಚಾಕು ಕೆಟ್ಟದ್ದು ಅಂತ ತಿಳಿತು. ನಾಳೆ ಹಾಸ್ಟೆಲಿಗೆ ಹೋಗ್ತಾನ, ಅಲ್ಲೆ ಯಾರೋ ಒಬ್ಬಾಂವ ಇನ್ನೊಂದ ಚಾಕು ತರ್ತಾನ. ಆವಾಗ ಇವಗ ಇರೋದು ಅದ ವಿಡಿಯೋದ ಜ್ಞಾನ, ಮ್ಯಾಲೆ ಒಂದೀಟು ಅಂಜಿಕಿ. ಅಂಜಿದ ಕೈಲೆ ಹರಿತ ಸಾಮಾನು ಹಿಡದ್ರ ಏನಾಗ್ತದ ಅನ್ನೋದು ಅಡಗಿಮನ್ಯಾಗಿದ್ದ ನಿಮಗ ನಾ ಹೇಳಬೇಕೇನು?

ಅರಿಶಿಣ-ಕುಂಕುಮದ ದಿವಸ ಹೊರಗ ಚಪ್ಪಲಿ ಹಾಕ್ಕೋವಾಗ ಅಳಿಯ ಹಿಂದ ಬಂದಿದ್ದ. "ಅತ್ಯಾ, ಖರೇನ ಇಟ್ಟೀಯೇನು ಅದನ್ನ?" ಅಂದ. ಇಟ್ಟೀನಿ, ಉಂಗುರಾನೂ ಕೂಡಿಸೀನಿ ಅಂದೆ. ಡಾಕ್ಟರು ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡ್ರಿ ಅಂದಾರಂತ, ರಬ್ಬರಿನ ಚೆಂಡು ಒತ್ತಿ ಒತ್ತಿ ಬ್ಯಾಸರ ಆಗೇದಂತ. ಕಲ್ಲಿನ ಮ್ಯಾಲೆ ಅಲಗು ಎಳಿಯೋದು ಬರ್ತದೇನೋ, ಎಡಗೈಲೆ ಹಿಡಕಿ ಹಿಡದು ಬಲಗೈ ಬೆರಳು ಅಲಗಿನ ಬೆನ್ನ ಮ್ಯಾಲೆ ಇಟ್ಟು, ಅಂತ ಕೇಳಿದೆ. ಒಳಗಿಂದ ವೈನಿ ಕೇಳಿಸ್ಕೊಂಡ್ರು ಅಂತ ಕಾಣಸ್ತದ, ಭಾಂಡಿ ಸಪ್ಪಳ ನಿಂತಿತ್ತು. ಬ್ಯಾಡ ಅಂತ ಕೂಗಲಿಲ್ಲ.

ನಾಳೆ ರವಿವಾರ. ಹತ್ತಕ್ಕ ಬರ್ತೀನಿ ಅಂತ ಮೆಸೇಜ್ ಮಾಡ್ಯಾನ. ಸಿತನಿ ತಂದೀನಿ, ಊಟಕ್ಕ ಇಲ್ಲೇ ಇರು ಅಂದೀನಿ. ಸಾಣಿಕಲ್ಲು ಬಕೀಟಿನ್ಯಾಗ ನೀರಿಗೆ ಹಾಕೀನಿ, ಇನ್ನೂ ಗುಳುಗುಳು ಅಂತ ಗುಳ್ಳಿ ಬಿಡ್ಲಿಕತ್ತದ.